ಅಮಾಸಿ ಕತ್ತಲು, ತೊಗರಿ ಕೀಡಿ

ಅಮಾಸಿ ದಿನ ನಮ್ಮ ವನದುರ್ಗದ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಸೋಮವಾರ ಹೂಡದವರೂ ಇದ್ದಾರೆ. ಟ್ರ್ಯಾಕ್ಟರ್ ಬಂದ ಮೇಲೂ ಅಮಾಸಿಗೆ ಅದನ್ನು ತೊಳೆದು, ಕುಂಕುಮ ಹಚ್ಚಿ, ಮರದ ಕೆಳಗೆ ನಿಲ್ಲಿಸುವವರನ್ನು ನೋಡಿದ್ದೇನೆ. ಎತ್ತಿಗಾದರೆ ಈ ರೂಢಿಯಿಂದ ವಿಶ್ರಾಂತಿ ಸಿಗುತ್ತಿತ್ತು. ಟ್ರ್ಯಾಕ್ಟರಿಗೆ ಅದರಿಂದ ಏನು ಸಿಗುತ್ತದೋ ಗೊತ್ತಿಲ್ಲ, ಡ್ರೈವರನಿಗಂತೂ ಸಿಗುತ್ತದೆ.

ಚಂದ್ರನ ಹೆಸರಿನಲ್ಲಿ ಇಂಥ ಮಾತುಗಳು ನಮ್ಮಲ್ಲಿ ಬಹಳ. ಬಿದಿರು ಕತ್ತಲ ಪಕ್ಷದಲ್ಲಿ ಕಡೀಬೇಕು, ಬೆಳದಿಂಗಳಲ್ಲಿ ಕಡಿದರೆ ಹುಳ ಹಿಡಿಯುತ್ತದೆ. ಹುಣ್ಣಿಮೆಗೆ ಗಿಡದ ರಸ ಮೇಲೇರುತ್ತದೆ, ಅಮಾಸಿಗೆ ಇಳಿಯುತ್ತದೆ. ಇವನ್ನೆಲ್ಲ ಒಂದೇ ಚೀಲಕ್ಕೆ ತುಂಬಿ 'ಮೂಢನಂಬಿಕೆ' ಅಂತ ಚೀಟಿ ಹಚ್ಚುವವರಿದ್ದಾರೆ. ಎಲ್ಲವನ್ನೂ ಕಣ್ಣುಮುಚ್ಚಿ ಪಾಲಿಸುವವರೂ ಇದ್ದಾರೆ. ನಾನು ಎರಡೂ ಮಾಡಿ ಪೆಟ್ಟು ತಿಂದವನು.

ನಮ್ಮ ಮುತ್ಯಾ ಹೇಳುತ್ತಿದ್ದ: "ತಮ್ಮಾ, ತೊಗರಿ ಮೊಗ್ಗಿ ಬಿಟ್ಟಾಗ ಅಮಾಸಿ ಹಿಂದ ಮುಂದ ಹೊಲ ಬಿಟ್ಟು ಬೀಗರೂರಿಗಿ ಹೋಗಬ್ಯಾಡ. ಕೀಡಿ ಬೀಳ್ತಾವ." ಆಗ ನಕ್ಕಿದ್ದೆ. ಮುತ್ಯಾನ ಮಾತಿನಲ್ಲಿ ಹುರುಳಿತ್ತು ಎಂದು ತಿಳಿಯಲು ವರ್ಷಗಳೇ ಬೇಕಾದವು.

ತೊಗರಿಯ ಕಾಯಿಕೊರಕದ ಪತಂಗ ರಾತ್ರಿ ಹಾರುವ ಜೀವಿ. ಹೆಣ್ಣು ಪತಂಗ ಮೊಗ್ಗು, ಹೂವು, ಎಳೆ ಎಲೆಗಳ ಮೇಲೆ ಗಸಗಸೆಗಿಂತ ಸಣ್ಣ ಮೊಟ್ಟೆಗಳನ್ನು ಬಿಡಿಬಿಡಿಯಾಗಿ ಇಡುತ್ತದೆ. ಒಂದೊಂದು ಪತಂಗ ನೂರಾರು ಮೊಟ್ಟೆ ಇಡುವುದುಂಟು. ಮೂರು ನಾಲ್ಕು ದಿನಕ್ಕೆ ಮರಿ ಹೊರಬರುತ್ತದೆ. ಕಪ್ಪು ರಾತ್ರಿಗಳಲ್ಲಿ ಈ ಜಾತಿಯ ಪತಂಗಗಳ ಓಡಾಟ, ಮೊಟ್ಟೆ ಇಡುವಿಕೆ ಹೆಚ್ಚು ಎಂಬುದು ಹತ್ತಿ ಬೆಳೆಯುವ ಬೇರೆ ನಾಡಿನವರ ಕಣ್ಣಿಗೂ ಬಿದ್ದಿದೆ. ಅಮೆರಿಕದ ಟೆಕ್ಸಾಸಿನಲ್ಲಿ ಹತ್ತಿ ಕಾಯಿಕೊರಕದ ಮೇಲೆ ನೆಮೆಕ್ ಎಂಬವರು ಮಾಡಿದ ಅಧ್ಯಯನ 1971ರಲ್ಲಿ ಪ್ರಕಟವಾಯಿತು. ಅದೂ ಅಮಾವಾಸ್ಯೆಯ ಕಡೆಗೇ ಬೆರಳು ತೋರಿಸಿತ್ತು. ಹತ್ತಿಗೆ ಅಮಾಸಿ ನೋಡಿ ಎಣ್ಣಿ ಹೊಡೆಯಿರಿ ಎಂಬ ಸಲಹೆ ನಮ್ಮ ದೇಶದಲ್ಲೂ ಕೇಳಿಬರುತ್ತದೆ.

ಇಲ್ಲೇ ನಾನು ಎಡವಿದ್ದು. ಪಟ್ಟಣದ ಔಷಧಿ ಅಂಗಡಿಯವರೊಬ್ಬರು, "ಅಣ್ಣಾರ, ಅಮಾಸಿಗೊಂದು ಹೊಡದ್ರ ಆಯ್ತ್ರಿ, ಹೊಲ ನೋಡೋ ಕೆಲಸನ ಇಲ್ಲ" ಎಂದರು. ಆ ವರ್ಷ ಮೂರು ಅಮಾಸಿಗೆ ಮೂರು ಸಲ ಹೊಡೆದೆ. ಮೊದಲನೆಯದಕ್ಕೆ ನನ್ನ ತೊಗರಿ ಇನ್ನೂ ಮೊಗ್ಗೇ ಬಿಟ್ಟಿರಲಿಲ್ಲ. ಎರಡನೆಯದರ ನಂತರ ನಾಲ್ಕು ದಿನ ಮೋಡ ಮುಚ್ಚಿತು. ಕೀಡಿ ಬಿದ್ದದ್ದು ಆಗ. ನಾನು ಮುಂದಿನ ಅಮಾಸಿಗೆ ಕಾಯುತ್ತ ಕೂತೆ. ಮೂರನೆಯ ಸಲ ಹೊಡೆಯುವಾಗ ಕೀಡಿ ಕಿರುಬೆರಳಷ್ಟು ಬೆಳೆದು ಕಾಯಿಗೆ ತಲೆ ತೂರಿಸಿತ್ತು. ಅಂಥ ಬಲಿತ ಹುಳು ಎಣ್ಣಿಗೆ ಸುಲಭದಲ್ಲಿ ಬಗ್ಗುವುದಿಲ್ಲ. ರಾಶಿ ಮಾಡಿದಾಗ ಎಣ್ಣಿಯ ಸಾಲವೇ ತೀರಲಿಲ್ಲ.

ಲೆಕ್ಕ ತಪ್ಪಿದ್ದೆಲ್ಲಿ? ಮುತ್ಯಾ ಅಮಾಸಿಗೆ ಹೊಲ ಬಿಡಬೇಡ ಎಂದಿದ್ದ, ಎಣ್ಣಿ ಹೊಡಿ ಎಂದಿರಲಿಲ್ಲ. ಚಂದ್ರ ತಿಂಗಳಿಗೊಮ್ಮೆ ಮರೆಯಾಗುತ್ತಾನೆ, ಆದರೆ ಬೆಳೆ ಚಂದ್ರನ ಲೆಕ್ಕದಲ್ಲಿ ನಡೆಯುವುದಿಲ್ಲ. ದೀಪಾವಳಿ ಅಮಾಸಿ 2023ರಲ್ಲಿ ನವೆಂಬರ್ 12-13ಕ್ಕೆ ಬಂತು, 2025ರಲ್ಲಿ ಅಕ್ಟೋಬರ್ 20-21ಕ್ಕೇ ಬಂದುಹೋಯಿತು. ಮೂರು ವಾರದ ಅಂತರ! ಒಂದು ವರ್ಷ ಆ ಕತ್ತಲು ಎಳೆ ಮೊಗ್ಗಿನ ಮೇಲೆ ಬಿದ್ದರೆ ಇನ್ನೊಂದು ವರ್ಷ ಕಾಯಿಯ ಮೇಲೆ. ನಮ್ಮ ಹಿರಿಯರು ಬಿತ್ತನೆಗೆ ಚಂದ್ರನನ್ನು ನಂಬಿರಲಿಲ್ಲ ಎಂಬುದನ್ನೂ ಗಮನಿಸಿ. ರೋಹಿಣಿ, ಮಿರಗ, ಆರಿದ್ರ ಮಳೆಗಳದು ಸೂರ್ಯನ ಲೆಕ್ಕ. ಅದಕ್ಕೇ ಮಿರಗ ಪ್ರತಿ ವರ್ಷ ಜೂನ್ 7-8ರ ಸುಮಾರಿಗೇ ಹುಟ್ಟುತ್ತದೆ. ಹಬ್ಬಕ್ಕೆ ಚಂದ್ರ, ಬಿತ್ತಿಗೆಗೆ ಸೂರ್ಯ ಎಂದು ಅವರು ಕೆಲಸ ಹಂಚಿಕೊಟ್ಟಿದ್ದರು.

ಈಗ ನಾನು ಮಾಡುವುದು ಇಷ್ಟು. ಮೊಗ್ಗು ಕಾಣಿಸಿದ ದಿನದಿಂದ ಎಕರೆಗೆ ಎರಡರಂತೆ ಮೋಹಕ ಬಲೆ ಕಟ್ಟುತ್ತೇನೆ. ಅಮಾಸಿಗೆ ಮೂರು ದಿನ ಮೊದಲಿನಿಂದ ಐದು ದಿನ ನಂತರದವರೆಗೆ ದಿನಾ ಮುಂಜಾನೆ, ಉಳಿದ ದಿನಗಳಲ್ಲಿ ಮೂರು ದಿನಕ್ಕೊಮ್ಮೆ, ಹೊಲದ ಐದು ಕಡೆ ನಾಲ್ಕು ನಾಲ್ಕು ಗಿಡ ಹಿಡಿದು ಮೊಟ್ಟೆ, ಮರಿ ಎಣಿಸಿ ಮಗಳ ಹಳೆ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಮೋಡ ಕಟ್ಟಿದರೆ ಚಂದ್ರನನ್ನು ಕೇಳುವುದಿಲ್ಲ, ಮರುದಿನವೇ ಹೊಲಕ್ಕೆ. ಮೊಟ್ಟೆ ಕಂಡ ಕೂಡಲೇ ಬೇವಿನ ಬೀಜದ ಕಷಾಯ: ಐದು ಕಿಲೋ ತಿರುಳು ಕುಟ್ಟಿ, ಹತ್ತು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಸೋಸಿ, ನೂರು ಲೀಟರ್ ಮಾಡಿ, ತುಸು ಸೋಪು ಕರಗಿಸಿ ಸಂಜೆ ಹೊಡೆಯುತ್ತೇನೆ. ಗಿಡಕ್ಕೆ ಎಷ್ಟು ಮರಿ ಕಂಡರೆ ದೊಡ್ಡ ಔಷಧಿಗೆ ಹೋಗಬೇಕು ಎಂಬುದನ್ನು ಅಂಗಡಿಯಲ್ಲಿ ಕೇಳಬೇಡಿ. ಭೀಮರಾಯನಗುಡಿ ಕೃಷಿ ಕಾಲೇಜು, ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಎರಡೂ ನಮಗೆ ಹತ್ತಿರವೇ ಇವೆ. ಕೀಡಿ ದೊಡ್ಡದಾಗಿಬಿಟ್ಟಿದ್ದರೆ ಸಾಲಿನ ನಡುವೆ ತಾಡಪತ್ರಿ ಎಳೆದು, ಗಿಡ ಅಲುಗಾಡಿಸಿ ಉದುರಿಸುವುದೇ ಮೇಲು. 1997-98ರಲ್ಲಿ ಅಖಂಡ ಗುಲ್ಬರ್ಗಾ ಜಿಲ್ಲೆಯ ತೊಗರಿಯನ್ನು ಕೀಡಿ ನುಂಗಿತಲ್ಲ, ಆಮೇಲೆ ಈ ಹಳೇ ಪದ್ಧತಿಗೆ ಮತ್ತೆ ಜೀವ ಬಂತು.

ದೀಪದ ಬಲೆ ಇಟ್ಟವರಿಗೊಂದು ಎಚ್ಚರಿಕೆ. ಹುಣ್ಣಿಮೆ ಹತ್ತಿರ ಬಂದಂತೆ ಬಲೆಗೆ ಬೀಳುವ ಪತಂಗ ಇಳಿಯುತ್ತದೆ. ಬೆಳದಿಂಗಳಲ್ಲಿ ನಿಮ್ಮ ಬಲ್ಬು ಮಂಕಾಗುವುದೂ ಅದಕ್ಕೊಂದು ಕಾರಣ. "ಬಲಿ ಖಾಲಿ ಅದ, ಪೀಡಾ ಹೋಯ್ತು" ಎಂದು ಮಲಗಿದರೆ ಕೆಟ್ಟಿರಿ. ಆ ವಾರ ಬಲೆಯನ್ನಲ್ಲ, ಗಿಡವನ್ನು ನೋಡಬೇಕು.

ಇನ್ನು ರಸ ಏರುವ ಮಾತು. ಚಂದ್ರ ಸಮುದ್ರವನ್ನೇ ಎಳೆಯುತ್ತಾನೆ, ಗಿಡ ಯಾವ ಲೆಕ್ಕ ಎನ್ನುತ್ತಾರೆ. ಆದರೆ ಸಮುದ್ರದ ದೊಡ್ಡ ಉಬ್ಬರ ಹುಣ್ಣಿಮೆಗೂ ಬರುತ್ತದೆ, ಅಮಾವಾಸ್ಯೆಗೂ ಬರುತ್ತದೆ. ಹಾಗಿದ್ದರೆ ರಸ ಅಮಾಸಿಗೂ ಏರಬೇಕಿತ್ತಲ್ಲ! ಅಷ್ಟು ದೊಡ್ಡ ಬಸವಸಾಗರದ ನೀರು ಕೂಡ ಹುಣ್ಣಿಮೆಗೆ ಏರಿದ್ದನ್ನು ಯಾರೂ ಕಂಡಿಲ್ಲ. ಬಿದಿರಿಗೆ ಹುಳ ಬರುವುದು ಅದರೊಳಗಿನ ಪಿಷ್ಟ, ಸಕ್ಕರೆಯ ಆಸೆಗೆ. ಬಲಿತ ಗಳ ನೋಡಿ ಮಳೆಗಾಲ ಕಳೆದು ಚಳಿಯಲ್ಲಿ ಕಡಿದು, ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಹುಳದ ಕಾಟ ಕಡಿಮೆ. ಕತ್ತಲ ಪಕ್ಷಕ್ಕೆ ಕಾಯುವ ಜಾಣರು ಬಲಿತ ಗಳಕ್ಕೂ ಚಳಿಗೂ ಕಾಯುತ್ತಾರೆ. ಹೆಸರು ಮಾತ್ರ ಚಂದ್ರನಿಗೆ.

ನಮ್ಮ ಪಕ್ಕದ ಹೊಲದ ಕಾಕಾ ಈಗಲೂ ಅಮಾಸಿಗೆ ಗಳೆ ಹೂಡುವುದಿಲ್ಲ. ಆ ದಿನ ಬಿಡುವಿರುತ್ತದೆಂದು ನನ್ನ ಜತೆ ಮೊಟ್ಟೆ ಎಣಿಸಲು ಬರುತ್ತಾನೆ. ಕಣ್ಣು ಮಂಜಾಗಿದ್ದರಿಂದ ಎಣಿಸುವವನು ನಾನು, ಬರೆದುಕೊಳ್ಳುವವಳು ಮಗಳು. ಕಾಕಾ ಬದುವಿನ ಮೇಲೆ ಕೂತು, "ಎಷ್ಟಾದವು?" ಅಂತ ಕೇಳುತ್ತಿರುತ್ತಾನೆ.