ಶ್ರೀಶೈಲದ ದಾರಿ ಮತ್ತು ನಲ್ಲಮಲದ ನೀರು

ಅಕ್ಕಮಹಾದೇವಿಯ ಕದಳಿಯನ್ನು ಕುರಿತ ವ್ಯಾಖ್ಯಾನಗಳು ಬಹುಮಟ್ಟಿಗೆ ಸಾಂಕೇತಿಕವಾದವು. ಕದಳಿಯೆಂದರೆ ದೇಹ, ಕದಳಿಯೆಂದರೆ ಸಂಸಾರ ಎಂಬ ಅರ್ಥಕ್ಕೆ ವಚನ ಪರಂಪರೆಯಲ್ಲಿಯೇ ಆಧಾರವಿರುವುದರಿಂದ ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಶ್ರೀಶೈಲವು ಸಂಕೇತವಾಗುವುದಕ್ಕೆ ಮೊದಲು ಒಂದು ಕಾಡು. ಕಾಡನ್ನು ಕಾಲ್ನಡಿಗೆಯಲ್ಲಿ ದಾಟುವವರಿಗೆ ನೀರು ಬೇಕು. ಕನ್ನಡ ಅಧ್ಯಯನಗಳು ಈ ಸರಳ ಸಂಗತಿಯತ್ತ ಹೊರಳಿದ್ದು ಕಡಿಮೆ.

ನಾಂಪಲ್ಲಿಯಿಂದ ದಕ್ಷಿಣಕ್ಕೆ ಸುಮಾರು 210 ಕಿ.ಮೀ. ದೂರದ ಶ್ರೀಶೈಲವನ್ನು ಸುತ್ತುವರಿದಿರುವುದು ನಲ್ಲಮಲ ಅರಣ್ಯ. ಇಲ್ಲಿನ ಗಡಸು ಕ್ವಾರ್ಟ್ಜೈಟ್ ಶಿಲೆಯ ಬಿರುಕುಗಳಲ್ಲಿ ಮಳೆನೀರು ಇಳಿದು ಕಣಿವೆಗಳ ಮಗ್ಗುಲಲ್ಲಿ ಸೆಲೆಯಾಗಿ ಹೊರಬರುತ್ತದೆ. ಪಾಲಧಾರ-ಪಂಚಧಾರ ಅಂಥದು. ಚೈತ್ರ ಹುಣ್ಣಿಮೆಯ ಜಾತ್ರೆಯ ಕೆಲವು ದಿನ ಮಾತ್ರ ಯಾತ್ರಿಕರಿಗೆ ತೆರೆಯುವ ಸಲೇಶ್ವರದ ಜಲಪಾತವೂ ಈ ಕಾಡಿನದೇ.

ಯುಗಾದಿಗೆ ಕರ್ನಾಟಕದಿಂದ ನಡೆದು ಬರುವ ಮಲ್ಲಯ್ಯನ ಭಕ್ತರ ಹಳೆಯ ದಾರಿಯ ತಂಗುದಾಣಗಳು ನಾಗಲೂಟಿ, ಪೆಚ್ಚೆರುವು, ಭೀಮುನಿಕೊಲನು, ಕೈಲಾಸದ್ವಾರಂ. ಇವುಗಳಲ್ಲಿ ಎರಡು ನೀರಿನ ಹೆಸರುಗಳೇ. ತೆಲುಗಿನ ಚೆಱುವು ಕನ್ನಡದ ಕೆಱೆಯ ಸೋದರ ಶಬ್ದ; ಪೂರ್ವಸ್ವರದ ಮುಂದೆ ಕಕಾರವು ಚಕಾರವಾಗುವ ನಿಯಮಕ್ಕೆ ಒಳ್ಳೆಯ ನಿದರ್ಶನ. ಕೊಲನು ಎಂಬುದು ಕೊಳ. ಹಾಗೆಯೇ ಊಟೆಗೆ ಊಟ, ಚಿಲುಮೆಗೆ ಚೆಲಮ. ಭಾಷೆ ಬದಲಾದರೂ ಬಾಯಾರಿದ ಕನ್ನಡಿಗನಿಗೆ ಈ ದಾರಿಯ ಹೆಸರುಗಳು ಅಪರಿಚಿತವಾಗಿರಲಾರವು. ರಾಘವಾಂಕನ ಸಿದ್ಧರಾಮನೂ ಮಲ್ಲಯ್ಯನನ್ನು ಅರಸಿ ಶ್ರೀಶೈಲಕ್ಕೆ ಹೋದವನು; ಸೊನ್ನಲಿಗೆಯಲ್ಲಿ ಅವನು ಕೈಗೊಂಡ ದೊಡ್ಡ ಕಾಯಕ ಕೆರೆಯದು. ಇದು ಆಕಸ್ಮಿಕವೆಂದು ತೋರುವುದಿಲ್ಲ.

ನಲ್ಲಮಲದ ದೊಡ್ಡ ಭಾಗ 1978ರಲ್ಲಿ ಅಭಯಾರಣ್ಯವಾಯಿತು, 1983ರಲ್ಲಿ ಹುಲಿ ಯೋಜನೆಗೆ ಸೇರಿತು. 2014ರ ರಾಜ್ಯ ವಿಭಜನೆಯ ಬಳಿಕ ತೆಲಂಗಾಣದ ಪಾಲು ಅಮ್ರಾಬಾದ್ ಹುಲಿ ರಕ್ಷಿತಾರಣ್ಯವೆಂಬ ಹೆಸರು ಪಡೆಯಿತು. ಅಲ್ಲಿ ಯುರೇನಿಯಂ ಅನ್ವೇಷಣೆಯ ಪ್ರಸ್ತಾಪ ಬಂದಾಗ ಚೆಂಚು ಜನರೂ ಪರಿಸರವಾದಿಗಳೂ ವಿರೋಧಿಸಿದರು. 2019ರ ಸೆಪ್ಟೆಂಬರಿನಲ್ಲಿ ತೆಲಂಗಾಣ ವಿಧಾನಸಭೆ ಗಣಿಗಾರಿಕೆಯ ವಿರುದ್ಧ ನಿರ್ಣಯ ಕೈಗೊಂಡಿತು. ಬಿರುಕುಬಂಡೆಯ ಸೆಲೆಗೆ ಕೊಳವೆಯ ಕೊರೆತವೂ ಮೇಲಣ ಮರಗಳ ನಾಶವೂ ಸಮಾನವಾಗಿ ಅಪಾಯಕಾರಿ.

ಮನ್ನನೂರಿನ ತಪಾಸಣಾ ಠಾಣೆಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನಗಳನ್ನು ತಡೆಯುತ್ತಾರೆ. ಆ ಹೊತ್ತಿನಲ್ಲಿ ಕಾಡಿನ ನೀರಿಗೆ ಬರುವ ಪ್ರಾಣಿಗಳಿಗೆ ದಾರಿ ತೆರವಾಗಿರುತ್ತದೆ.