ಸಕ್ಕರೆ ಬೇಡದ ಕಾಫಿ: ಅಡುಗೆಮನೆಯ ಒಂದು ಪ್ರಯೋಗ

ಕಳೆದ ರಜೆಯಲ್ಲಿ ಅಬ್ಬಾಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಯಿತು. ಚಹಾ, ಕಾಫಿಗೆ ಇನ್ನು ಸಕ್ಕರೆ ಬೇಡ ಎಂದರು ಡಾಕ್ಟರ್. ಫಜ್ರ್ ನಮಾಜ್ ಮುಗಿಸಿ ಬಂದು ಎರಡು ಚಮಚ ಸಕ್ಕರೆಯ ಕಾಫಿ ಕುಡಿಯುವುದು ಅಬ್ಬಾರ ಹಳೆಯ ಅಭ್ಯಾಸ. ಸಕ್ಕರೆ ಬಿಟ್ಟ ಮೊದಲ ದಿನ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಮೂರನೇ ದಿನ ಅಮ್ಮಿಗೆ ಕಾಣದಂತೆ ಡಬ್ಬಿ ತೆರೆದು ಸಕ್ಕರೆ ಹಾಕಿಕೊಳ್ಳುವುದನ್ನು ನಾನೇ ನೋಡಿದೆ. ಸಕ್ಕರೆಯೇ ಬೇಡದಂಥ ಕಾಫಿ ಮಾಡಬಹುದೇ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಕಲಿತದ್ದನ್ನು ಅಬ್ಬಾರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಗಳ ಸ್ಟೀಲ್ ಫಿಲ್ಟರಿನಲ್ಲಿ ಇಳಿಯುವ ಡಿಕಾಕ್ಷನ್ ಗಟ್ಟಿಯಾಗಿರುತ್ತದೆ. ಅದಕ್ಕೆ ಹಾಲು, ಸಕ್ಕರೆ ಬೇಕೇ ಬೇಕು. ಪೋರ್ ಓವರ್ ವಿಧಾನ ಬೇರೆ. ಶಂಕುವಿನಾಕಾರದ ಡ್ರಿಪ್ಪರಿನಲ್ಲಿ ಫಿಲ್ಟರ್ ಕಾಗದ ಇಟ್ಟು, ಪುಡಿ ಹಾಕಿ, ಬಿಸಿನೀರನ್ನು ಮೇಲಿನಿಂದ ಸ್ವಲ್ಪಸ್ವಲ್ಪವಾಗಿ ಸುರಿಯಬೇಕು. ಎಣ್ಣೆಯಂಶ ಮತ್ತು ನುಣ್ಣನೆಯ ಪುಡಿ ಕಾಗದದಲ್ಲೇ ಉಳಿಯುವುದರಿಂದ ಕಾಫಿ ತಿಳಿಯಾಗಿ ಬರುತ್ತದೆ. ಇದನ್ನು ಹಾಲಿಲ್ಲದೆ ಕುಡಿಯುತ್ತಾರೆ. ಕಾಗದದ ಫಿಲ್ಟರಿಗೆ 1908ರಲ್ಲಿ ಹಕ್ಕುಪತ್ರ ಪಡೆದವರು ಜರ್ಮನಿಯ ಡ್ರೆಸ್ಡೆನ್ ನಗರದ ಗೃಹಿಣಿ ಮೆಲಿಟಾ ಬೆಂಟ್ಸ್. ಹಿತ್ತಾಳೆ ಪಾತ್ರೆಗೆ ತೂತು ಹೊಡೆದು, ಮಗನ ನೋಟ್‌ಬುಕ್ಕಿನ ಇಂಕು ಹೀರುವ ಕಾಗದವನ್ನು ಅದರಲ್ಲಿಟ್ಟು ಅವರು ಮೊದಲು ಕಾಫಿ ಸೋಸಿದರು.

ಮೊದಲ ದಿನ ನಾನು ಮನೆಯಲ್ಲಿದ್ದ ಪುಡಿಯನ್ನೇ ಹಾಕಿದೆ. ನೀರು ಕಟ್ಟಿಕೊಂಡು ಏಳು ನಿಮಿಷವಾದರೂ ಪೂರ್ತಿ ಇಳಿಯಲಿಲ್ಲ. "ಇದು ಕಾಫಿಯಲ್ಲ ಮಗಾ, ಕಷಾಯ" ಎಂದರು ಅಬ್ಬಾ. ಪೊಟ್ಟಣ ನೋಡಿದರೆ ಚಿಕೋರಿ ಬೆರೆತ ಪುಡಿ. ಎರಡನೇ ದಿನ ಚಿಕೋರಿ ಇಲ್ಲದ ಪುಡಿ ತಂದೆ, ಪ್ರಮಾಣ ಇಳಿಸಿದೆ, ನೀರಿನ ಬಿಸಿಯನ್ನೂ ಕಡಿಮೆ ಮಾಡಿದೆ. ಈ ಸಲ ಹುಳಿ, ನೀರುನೀರು. ಮೂರನ್ನೂ ಒಟ್ಟಿಗೆ ಬದಲಿಸಿದ್ದರಿಂದ ತಪ್ಪು ಯಾವುದರದೆಂದು ತಿಳಿಯಲಿಲ್ಲ.

ಆಗ ಭೌತಶಾಸ್ತ್ರದ ಲ್ಯಾಬು ನೆನಪಾಯಿತು. ಓಮ್‌ನ ನಿಯಮ ಪರೀಕ್ಷಿಸುವಾಗ ತಂತಿಯನ್ನೂ ಅದರ ತಾಪವನ್ನೂ ಹಾಗೇ ಇಟ್ಟು ವೋಲ್ಟೇಜ್ ಮಾತ್ರ ಬದಲಿಸುತ್ತೇವೆ. ಹಾಗೆಯೇ 15 ಗ್ರಾಂ ಪುಡಿ, 240 ಮಿಲಿ ನೀರು ಎಂದು ನಿಗದಿ ಮಾಡಿ, ಪುಡಿಯ ತರಿಯನ್ನು ಮಾತ್ರ ಬದಲಿಸಿ ನೋಟ್‌ಬುಕ್ಕಿನಲ್ಲಿ ಬರೆದೆ.

ನುಣ್ಣನೆಯ ಪುಡಿ: ಐದು ನಿಮಿಷ, ಕಹಿ, ಚೊಗರು.
ದಪ್ಪ ತರಿ: ಒಂದೂವರೆ ನಿಮಿಷ, ಹುಳಿ, ಸಪ್ಪೆ.
ಬಾಂಬೆ ರವೆಯಷ್ಟು ತರಿ: ಸುಮಾರು ಮೂರು ನಿಮಿಷ, ಹದ.

ಕಾರಣ ನಮ್ಮ ರಸಾಯನಶಾಸ್ತ್ರದಲ್ಲೇ ಇದೆ. ಪುಡಿ ನುಣ್ಣಗಾದಷ್ಟೂ ನೀರಿಗೆ ತಾಗುವ ಮೇಲ್ಮೈ ಹೆಚ್ಚುತ್ತದೆ, ಕರಗುವಿಕೆ ಚುರುಕಾಗುತ್ತದೆ. ಹುಳಿ ಕೊಡುವ ಆಮ್ಲಗಳು ಬೇಗ ಕರಗುತ್ತವೆ. ಕಹಿ, ಚೊಗರು ಕೊಡುವ ಅಂಶಗಳು ನಿಧಾನ. ಬೇಗ ಮುಗಿದರೆ ಹುಳಿ, ತಡವಾದರೆ ಕಹಿ. ಪುಡಿಯ ತೂಕದ 18ರಿಂದ 22 ಶೇಕಡಾ ಕರಗಿದರೆ ರುಚಿ ಹದವಾಗಿರುತ್ತದೆ ಎಂಬುದು ಕಾಫಿ ಬಲ್ಲವರ ಲೆಕ್ಕ. ಅಂದರೆ 15 ಗ್ರಾಂ ಪುಡಿಯಿಂದ ಲೋಟಕ್ಕೆ ಬರಬೇಕಾದ್ದು ಸುಮಾರು 3 ಗ್ರಾಂ ಮಾತ್ರ!

ಮಾಡುವ ಕ್ರಮ ಹೀಗೆ:

1. ಕಾಫಿಪುಡಿ ಅಂಗಡಿಯಲ್ಲಿ ಹದವಾಗಿ ಹುರಿದ ಅರೇಬಿಕಾ ಬೀಜವನ್ನು ಚಿಕೋರಿ ಸೇರಿಸದೆ ತರಿಯಾಗಿ ಪುಡಿ ಮಾಡಿಸಿ. ಸ್ವಲ್ಪವೇ ಕೊಳ್ಳಿ, ಗಾಳಿಯಾಡದ ಡಬ್ಬಿಯಲ್ಲಿಡಿ.
2. ಕಾಗದವನ್ನು ಬಿಸಿನೀರಿನಲ್ಲಿ ತೊಯ್ಯಿಸಿ, ಆ ನೀರು ಚೆಲ್ಲಿ. ಕಾಗದದ ವಾಸನೆ ಹೋಗುತ್ತದೆ.
3. ನೀರು ಕುದಿದ ಮೇಲೆ ಅರ್ಧ ನಿಮಿಷ ಬಿಡಿ. 92ರಿಂದ 96 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ.
4. ಮೊದಲು 30 ಮಿಲಿ ನೀರು ಹಾಕಿ 30 ಸೆಕೆಂಡು ಕಾಯಿರಿ. ಪುಡಿ ಉಬ್ಬಿ ಗುಳ್ಳೆ ಬರುತ್ತದೆ. ಹುರಿಯುವಾಗ ಒಳಗೆ ಸೇರಿಕೊಂಡ ಇಂಗಾಲದ ಡೈಆಕ್ಸೈಡ್ ಅದು.
5. ಉಳಿದ ನೀರನ್ನು ಮೂರು ಸಲವಾಗಿ, ನಡುವಿನಿಂದ ಸುತ್ತುತ್ತಾ ನಿಧಾನವಾಗಿ ಸುರಿಯಿರಿ.

ಒಂದು ಎಚ್ಚರಿಕೆ: ಕಾಲೇಜು ಲ್ಯಾಬಿನ ಫನಲ್ ಮನೆಗೆ ತರುವ ಯೋಚನೆ ಬೇಡ. ರಾಸಾಯನಿಕ ಮುಟ್ಟಿದ ಪಾತ್ರೆ ಅಡುಗೆಗೆ ಸಲ್ಲದು.

ನನ್ನ ನಾಲಿಗೆಗೆ ಹದ ಸಿಕ್ಕಿತು. ಅಬ್ಬಾ ಕೂಡ "ಚೆನ್ನಾಗಿದೆ" ಎಂದರು. ಖುಷಿಯಿಂದ ಬರೆದುಕೊಂಡೆ. ಆಮೇಲೆ ಲೋಟ ತೆಗೆಯಲು ಹೋದರೆ ಅರ್ಧಕ್ಕರ್ಧ ಉಳಿದಿತ್ತು. ನನ್ನ ಮನಸ್ಸು ನೋಯಬಾರದೆಂದು ಅವರು ಹಾಗೆ ಹೇಳಿದ್ದರು. ನನಗೆ ಬೇಕಾದ ಉತ್ತರ ಸಿಕ್ಕಿತೆಂದು ನಾನೂ ಬರೆದುಬಿಟ್ಟಿದ್ದೆ. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಉತ್ತರಕ್ಕೆ ಹೊಂದುವಂತೆ ಒಮ್ಮೆ ರೀಡಿಂಗ್ ತಿದ್ದಿದ್ದೆ. ಇದೂ ಅದೇ ತಪ್ಪು. ಆ ಸಾಲು ಹೊಡೆದುಹಾಕಿದೆ. ಅಂದಿನಿಂದ ಹೇಗಿದೆ ಎಂದು ಕೇಳುವುದು ಬಿಟ್ಟು, ಲೋಟದಲ್ಲಿ ಎಷ್ಟು ಉಳಿದಿದೆ ಎಂದು ಅಳೆಯತೊಡಗಿದೆ. 110 ಮಿಲಿ, 90, ಮತ್ತೆ 100. ಅಬ್ಬಾಗೆ ಹುಳಿ ಆಗದೆಂದು ತಿಳಿದು ಇನ್ನೂ ಸ್ವಲ್ಪ ಹೆಚ್ಚು ಹುರಿದ ಬೀಜ ತಂದೆ; ಬೇರೇನೂ ಬದಲಿಸಲಿಲ್ಲ. 40 ಮಿಲಿ. ಹನ್ನೆರಡನೇ ದಿನ ಲೋಟ ಖಾಲಿ. ಅಬ್ಬಾ ಏನೂ ಹೇಳಲಿಲ್ಲ, ಪೇಪರ್ ಓದುತ್ತಿದ್ದರು. ಸಕ್ಕರೆ ಡಬ್ಬಿ ಮುಚ್ಚಿಯೇ ಇತ್ತು.

ಯೆಮನ್‌ನ ಸೂಫಿಗಳು ರಾತ್ರಿಯ ಇಬಾದತ್ತಿನಲ್ಲಿ ನಿದ್ದೆ ಬಾರದಿರಲೆಂದು ಕಾಫಿ ಕುಡಿಯುತ್ತಿದ್ದರು. ಹಜ್‌ನಿಂದ ಮರಳುವಾಗ ಬಾಬಾ ಬುಡನ್ ಅಲ್ಲಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂಬುದು ನಮ್ಮ ನಾಡಿನ ಪ್ರತೀತಿ. ಆ ಬೀಜದ ನಿಜವಾದ ರುಚಿ ನನಗೆ ತಿಳಿದದ್ದು ಸಕ್ಕರೆ ಬಿಟ್ಟ ಮೇಲೆಯೇ. ಕಾಫಿ ಕಾಯಿಲೆಗೆ ಮದ್ದಲ್ಲ. ಅಬ್ಬಾರ ಮಾತ್ರೆ, ನಡಿಗೆ ನಡೆದೇ ಇವೆ. ನೀವೂ ಮಾಡಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕಂಡದ್ದನ್ನೇ ಬರೆಯಿರಿ.