ಕೊಚ್ಚಿಗೆ ಹೊರಟ ಮಗಳಿಗೆ

ಚಿ. ಮೇಘಾಳಿಗೆ,

ಗೆಳತಿಯರ ಜೊತೆ ಕೊಚ್ಚಿಗೆ ಹೊರಟಿದ್ದೀಯ ಎಂದು ನಿನ್ನ ಅಮ್ಮ ಹೇಳಿದಳು. ಸಂತೋಷವಾಯಿತು, ಚೂರು ಚಿಂತೆಯೂ ಆಯಿತು. ಹೊತ್ತಲ್ಲದ ಹೊತ್ತಿನಲ್ಲಿ ಎರ್ನಾಕುಲಂ ತಲುಪಿದರೆ ಬೆಳಕು ಹರಿಯುವವರೆಗೆ ಸ್ಟೇಷನ್ನಿನಲ್ಲೇ ಕೂತಿರಿ. ಆಮೇಲೆ ಫೋರ್ಟ್ ಕೊಚ್ಚಿಗೆ ಸೇತುವೆ ದಾಟುವ ಆಟೋ ಬೇಡ, ಜೆಟ್ಟಿಗೆ ಹೋಗಿ ಬೋಟ್ ಹತ್ತಿ. ಆ ಊರನ್ನು ನೀರಿನ ಕಡೆಯಿಂದಲೇ ನೋಡಬೇಕು. 1341ರಲ್ಲಿ ಪೆರಿಯಾರ್ ಉಕ್ಕಿ ಹರಿದು, ಹಳೆಯ ಮುಜಿರಿಸ್ ಬಂದರಿನಲ್ಲಿ ಹೂಳು ತುಂಬಿ, ಕೊಚ್ಚಿಯ ಅಳಿವೆ ತೆರೆದುಕೊಂಡಿತು ಎನ್ನುತ್ತಾರೆ. ಹಡಗುಗಳು ಈ ಕಡೆ ತಿರುಗಿದವು, ಅವುಗಳ ಹಿಂದೆ ಜನ.

ಫೋರ್ಟ್ ಕೊಚ್ಚಿಯ ಚೀನೀ ಮೀನುಬಲೆ, 1524ರಲ್ಲಿ ಅಲ್ಲೇ ಸತ್ತ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದ ಸೇಂಟ್ ಫ್ರಾನ್ಸಿಸ್ ಚರ್ಚು, ಇವನ್ನೆಲ್ಲ ನೀವು ಹೇಗೂ ನೋಡುತ್ತೀರಿ. ನನ್ನ ಮನಸ್ಸು ನಿಂತಿರುವುದು ಮಟ್ಟಾಂಚೇರಿಯಲ್ಲಿ. ನಾವು ಹೋದಾಗ ಚೆರ್ಲಾಯಿಯ ತಿರುಮಲ ದೇವಸ್ಥಾನದ ಹತ್ತಿರ ನಿನ್ನ ದೊಡ್ಡಪ್ಪ ಥಟ್ಟನೆ ನಿಂತುಬಿಟ್ಟರು. ಅಂಗಡಿಯೊಳಗೆ ಯಾರೋ ಕೊಂಕಣಿ ಮಾತಾಡುತ್ತಿದ್ದರು. ಮಂಗಳೂರಿನ ರಥಬೀದಿಯಲ್ಲಿ ಆಡಿ ಬೆಳೆದವರಲ್ಲವೇ ಅವರು, ನೆರೆಮನೆಯವರಿಂದ ಕಲಿತ ಕೊಂಕಣಿಯಲ್ಲಿ ಮೆಲ್ಲಗೆ ಒಂದು ಮಾತು ಸೇರಿಸಿದರು. ಅಷ್ಟೇ ಸಾಕಾಯಿತು. ಸ್ಟೂಲು ಬಂತು, ಚಹಾ ಬಂತು, ಊರು ಯಾವುದು, ಮನೆ ಎಲ್ಲಿ ಎಂಬ ವಿಚಾರಣೆಯೂ ಬಂತು. ಪೋರ್ಚುಗೀಸರ ಕಾಟ ತಾಳಲಾರದೆ ಗೋವೆ ಬಿಟ್ಟವರಲ್ಲಿ ಕೆಲವರು ನಮ್ಮ ಕರಾವಳಿಯಲ್ಲಿ ನೆಲೆನಿಂತರು, ಕೆಲವರು ಕೊಚ್ಚಿಯವರೆಗೂ ಇಳಿದುಹೋದರು. ಪುಸ್ತಕದಲ್ಲಿ ಓದಿದ್ದೆ. ಆದರೆ ಮಲಯಾಳದ ಎಳೆತ ಬೆರೆತ ಆ ಕೊಂಕಣಿಯನ್ನು ಕೇಳಿದಾಗ, ಎಂದೋ ದೂರ ಹೋದ ನೆಂಟರು ಸಿಕ್ಕಂತೆ ಅನ್ನಿಸಿತು.

ಅಲ್ಲಿಂದ ನಡೆಯುವಷ್ಟು ದೂರದಲ್ಲೇ ಗುಜರಾತಿಗಳ ಬೀದಿ, ಜೈನ ಬಸದಿ, ಮಸೀದಿ. ಅತ್ತ ಧೋಬಿಖಾನೆಯಲ್ಲಿ ತಮಿಳು. ಯೆಹೂದಿಗಳಿಗೆ ಕೊಚ್ಚಿಯ ರಾಜ ತನ್ನ ಅರಮನೆಯ ಪಕ್ಕದಲ್ಲೇ ಜಾಗ ಕೊಟ್ಟ. 1568ರಲ್ಲಿ ಕಟ್ಟಿದ ಅವರ ಪ್ರಾರ್ಥನಾ ಮಂದಿರ, ಪರದೇಸಿ ಸಿನಗಾಗ್, ಇರುವುದು ಅರಮನೆಯ ದೇವಸ್ಥಾನಕ್ಕೆ ಒತ್ತಿಕೊಂಡೇ. ಒಳಗೆ ನೆಲಕ್ಕೆ ಹಾಸಿರುವುದು ಚೀನಾದಿಂದ ತರಿಸಿದ, ಕೈಯಲ್ಲಿ ನೀಲಿ ಚಿತ್ರ ಬರೆದ ಟೈಲ್ಸ್. ಒಂದರಂತೆ ಇನ್ನೊಂದಿಲ್ಲ ಎನ್ನುತ್ತಾರೆ. ಕೂತು ನೋಡು.

ಆ ಯೆಹೂದಿಗಳಲ್ಲಿ ಹೆಚ್ಚಿನವರು 1948ರ ನಂತರ ಇಸ್ರೇಲಿಗೆ ಹೊರಟುಹೋದರು. ಯಾರೂ ಓಡಿಸಿದ್ದಲ್ಲ, ತಮ್ಮದೆಂಬ ನಾಡು ಕರೆಯಿತು. ನಾವು ಹೋದಾಗ ಸಿನಗಾಗ್ ಇರುವ ಬೀದಿಯ ಒಂದು ಮನೆಯಲ್ಲಿ ವಯಸ್ಸಾದ ಯೆಹೂದಿ ಹೆಂಗಸೊಬ್ಬರು ಕಿಟಕಿಯ ಬಳಿ ಕೂತು ಬಟ್ಟೆಗೆ ಕಸೂತಿ ಹಾಕುತ್ತಿದ್ದರು. ಪ್ರವಾಸಿಗಳು ಒಬ್ಬರಾದ ಮೇಲೊಬ್ಬರು ಬಂದು, ಒಂದು ಮಾತೂ ಆಡದೆ, ಕಿಟಕಿಯ ಸರಳಿನೊಳಗೆ ಕ್ಯಾಮೆರಾ ತೂರಿಸಿ ಫೋಟೋ ತೆಗೆದು ಹೋಗುತ್ತಿದ್ದರು. ಆಕೆ ತಲೆ ಎತ್ತಲಿಲ್ಲ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಅವರ ಅಜ್ಜ, ಮುತ್ತಜ್ಜ ಬಾಳಿದ ಬೀದಿಯಲ್ಲಿ ಅವರನ್ನೇ ನೋಡುವ ವಸ್ತು ಮಾಡಿಬಿಟ್ಟೆವಲ್ಲ ಎಂದು.

ಅದಕ್ಕೇ ನಿನಗೆ ಹೇಳುವುದು ಮಗಳೇ, ಯಾರ ಮುಖದತ್ತಲೂ, ಯಾರ ಮನೆಯತ್ತಲೂ ಫೋನ್ ಎತ್ತುವ ಮೊದಲು ಮಾತಾಡಿಸು. ಮಲಯಾಳಂ ಬಾರದಿದ್ದರೆ ನಗು, ಕೈಸನ್ನೆ ಮಾಡಿ ಕೇಳು. ಬೇಡವೆಂದರೆ ಸುಮ್ಮನೆ ಮುಂದೆ ಹೋಗು. ಒಬ್ಬರಾದರೂ ಕೂರಿಸಿ ಮಾತಾಡಿಸಿದರೆ, ಪಟ್ಟಿಯಲ್ಲಿರುವ ಉಳಿದ ಜಾಗಗಳನ್ನು ಬಿಟ್ಟುಬಿಡು, ಏನೂ ನಷ್ಟವಿಲ್ಲ. ಚೆರ್ಲಾಯಿಯಲ್ಲಿ ಕೊಂಕಣಿ ಕಿವಿಗೆ ಬಿದ್ದರೆ ನಾಚಿಕೊಳ್ಳದೆ ಮಾತಿಗಿಳಿ. ನಿನಗೂ ನಾಲ್ಕು ಮಾತು ಬರುತ್ತದಲ್ಲ.

ಶನಿವಾರ ಯೆಹೂದಿಗಳ ಸಬ್ಬತ್, ಸಿನಗಾಗ್ ತೆರೆದಿರುವುದಿಲ್ಲ. ತೆರೆದಿರುವ ದಿನ, ಹೊತ್ತು ವಿಚಾರಿಸಿಕೊಂಡು ಹೋಗಿ, ಮೈತುಂಬ ಬಟ್ಟೆ ಇರಲಿ. ತಲುಪಿದ ಕೂಡಲೇ ಅಮ್ಮನಿಗೆ ಫೋನ್ ಮಾಡು, ಆಮೇಲೆ ನನಗೂ.

ಇತಿ,
ನಿನ್ನ ದೊಡ್ಡಮ್ಮ